ನಾವು ಮೂವರೂ ಹೊಂದಿಕೊಂಡೆವು

ರಾಜಾಜಿನಗರಕ್ಕೆ ಬಂದ ಎರಡನೆಯ ವಾರ ಕಾಯಿಪಲ್ಲೆಯ ಚೀಲ ಹಿಡಿದು ಸೀದಾ ಬೇರೆಯವರ ಅಡುಗೆಮನೆಗೆ ನುಗ್ಗಿ, ಅಲ್ಲಿ ಕೂತಿದ್ದ ಹೆಂಗಸನ್ನೇ "ಯಾರ್ರೀ ನೀವು, ನಮ್ಮ ಮನಿಯಾಗ?" ಎಂದು ಗದರಿಸಿದೆ. ಇಲ್ಲಿಯ ಸಾಲುಮನೆಗಳೆಲ್ಲ ಒಂದೇ ಅಚ್ಚು: ಅದೇ ಹಸಿರು ಬಾಗಿಲು, ಅದೇ ಕಿಟಕಿ, ಗೋಡೆಯಲ್ಲಿ ಅದೇ ಗೂಡು. ಗದಗಿನಲ್ಲಿ ಕಣ್ಣು ಮುಚ್ಚಿ ನಡೆದರೂ ನಮ್ಮ ಮನೆ ಕಾಲಿಗೆ ತಿಳಿಯುತ್ತಿತ್ತು. ಇಲ್ಲಿ ಕಣ್ಣು ಬಿಟ್ಟುಕೊಂಡೇ ತಪ್ಪುತ್ತಿದ್ದೆ.

ಆ ಹೆಂಗಸು ಜಯಮ್ಮ. ನಕ್ಕು ಕಾಫಿ ಕೊಟ್ಟರು. ಕಾಳು, ಸೊಪ್ಪು ಬೇಯಿಸಿದ ನೀರು ಬಸಿದು ಮಾಡುವ ಬಸ್ಸಾರು ಕಲಿಸಿದವರೂ ಅವರೇ. ನಾನು ರೊಟ್ಟಿ ಬಡಿಯುವ ಸದ್ದಿಗೆ "ಏನ್ರೀ, ಗೋಡೆ ಒಡೀತಾ ಇದೀರಾ?" ಎನ್ನುತ್ತ ಬಂದು ಬಿಸಿ ರೊಟ್ಟಿ ತಿಂದು ಹೋಗುತ್ತಿದ್ದರು. ಆ ಸಂತೋಷದಲ್ಲೇ ಊರಲ್ಲಿದ್ದ ಅತ್ತೆಗೆ ಇನ್‌ಲ್ಯಾಂಡ್ ಕಾಗದ ಬರೆದೆ: "ನಾವು ಮೂವರೂ ಇಲ್ಲಿ ಚೆನ್ನಾಗಿ ಹೊಂದಿಕೊಂಡಿದ್ದೇವೆ."

ಮೂವರು ಎಂದರೆ ನಾನು, ಯಜಮಾನರು, ಸಣ್ಣ ಮಗ ಬಸು. ದೊಡ್ಡವಳು ಗಿರಿಜಾಳನ್ನು ಶಾಲೆ ಕೆಡಬಾರದೆಂದು ಒಂದು ವರ್ಷ ಅವಳ ಆಯಿಯ, ಅಂದರೆ ನನ್ನ ಅತ್ತೆಯ, ಬಳಿ ಬಿಟ್ಟಿದ್ದೆವು. ಇಲ್ಲಿಗೆ ಬಂದಾಗ ಅವಳಿಗೆ ಹದಿನಾಲ್ಕು. ಬಟ್ಟೆ ತೂಗುಹಾಕಲು ಗೋಡೆಗೆ ಮೂರೇ ಗೂಟಗಳಿದ್ದವು. ನಾಲ್ಕನೆಯದು ಬಡಿಯಹೋದರೆ "ಇರ್ಲಿ ಬಿಡವ್ವಾ" ಎಂದಳು. ಬಟ್ಟೆಯನ್ನು ಟ್ರಂಕಿನಿಂದ ತೆಗೆಯಲೇ ಇಲ್ಲ. ಅರ್ಧ ರೊಟ್ಟಿಗೇ ಸಾಕೆನ್ನುವಳು. ಬಸು ಜಾರಿ ಬಿದ್ದರೂ, ಹಾಲು ಉಕ್ಕಿದರೂ "ನಾ ಬಂದ ಮ್ಯಾಲ ಹಿಂಗಾಗಾಕತ್ತೈತಿ" ಎನ್ನುವಳು. ವಯಸ್ಸಿನ ಹಟವೆಂದುಕೊಂಡೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನಗೆ ಬೇಕಾಯಿತು.

ಒಂದು ದಿನ ಜಯಮ್ಮ ದನಿ ತಗ್ಗಿಸಿ, "ನಿಮ್ಮ ಹುಡುಗಿ ದಿನಾ ಸ್ಕೂಲಿಂದ ಬಂದು ಹಿಂದಿನ ಸಾಲಿನ ಖಾಲಿ ಮನೇಲಿ ಕೂತಿರ್ತಾಳೆ ಕಣ್ರೀ. ಯಾರಿದಾರೆ ಅಲ್ಲಿ?" ಎಂದರು.

ಹೋದೆ. ಹಸಿರು ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ನಮ್ಮದೇ ಮನೆ, ನಾವು ಮಾತ್ರ ಯಾರೂ ಇಲ್ಲ. ನಮ್ಮಲ್ಲಿ ದೇವರಿದ್ದ ಗೂಡಿನಲ್ಲಿ ಇಲ್ಲಿ ಧೂಳು. ನಾನು ರೊಟ್ಟಿ ಬಡಿಯುವ ಜಾಗದ ಎದುರು ಗಿರಿಜಾ ಗೋಡೆಗೆ ಒರಗಿ ಕೂತು, ಇಲ್ಲದ ಒಲೆಯನ್ನೇ ನೋಡುತ್ತಿದ್ದಳು.

"ಏನ್ ಮಾಡಾಕತ್ತಿಯವ್ವಾ?"

"ನಾ ಇಲ್ದಿದ್ರ ಮನಿ ಹೆಂಗಿರ್ತೈತಿ ಅಂತ ನೋಡಾಕತ್ತೀನಿ." ಅವಳು ತಿರುಗಲಿಲ್ಲ. "ನೀನ ಕಾಗದದಾಗ ಬರದಿದ್ದಿಯಲ್ಲ, ಮೂವರೂ ಹೊಂದಿಕೊಂಡೀವಿ ಅಂತ. ಆಯಿಗೆ ಓದಾಕ ಬರೂದಿಲ್ಲ. ನಾನ ಓದಿ ಹೇಳಿದ್ದು."

ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಪಕ್ಕದಲ್ಲಿ ಧೂಳಲ್ಲೇ ಕೂತೆ. ಕೊನೆಗೆ, "ನೋಡಿದಿಲ್ಲೋ? ನೀ ಇಲ್ಲದ ಮನಿಯಾಗ ನಾನೂ ಇಲ್ಲ" ಎಂದೆ.

ಅವಳು ಅಳಲಿಲ್ಲ, ನಂಬಲೂ ಇಲ್ಲ. ಮರುದಿನವೂ ಹೋದಳು. ರೊಟ್ಟಿ ಕಟ್ಟಿಕೊಂಡು ನಾನೂ ಹೋದೆ. ಡಾಕ್ಟರಿಗೂ ತೋರಿಸಿದೆವು. "ಇದು ಹಟ ಅಲ್ಲಮ್ಮ, ಮನಸ್ಸಿನ ಕಾಯಿಲೆ. ಔಷಧಿ ಕೊಡ್ತೀನಿ, ನೀವು ಜೊತೇಲಿರಿ" ಎಂದರು. ಆಷಾಢದಿಂದ ಸಂಕ್ರಾಂತಿಯವರೆಗೆ ಆ ಖಾಲಿ ಮನೆಯಲ್ಲಿ ನಾವಿಬ್ಬರೂ ಸಂಜೆಗಳನ್ನು ಕಳೆದೆವು. ಒಂದು ಸಂಜೆ ಅವಳೇ ಎದ್ದು ಲಂಗ ಕೊಡವಿಕೊಂಡು, "ಮನಿಗೆ ಹೋಗೂಣವ್ವಾ" ಎಂದಳು. ಅವತ್ತೇ ನಾಲ್ಕನೆಯ ಗೂಟ ಬಡಿದೆ.

ಈಗ ಆ ಮನೆಗೆ ಹಾಸನದವರು ಬಂದಿದ್ದಾರೆ, ಕಿಟಕಿಗೆ ಪರದೆ ಬಂದಿದೆ. ಅದರ ಮುಂದೆ ಹಾಯುವಾಗ ನನ್ನ ಕಾಲು ಇನ್ನೂ ತಡೆಯುತ್ತದೆ. ಗಿರಿಜಾ "ಹೋಗ್ಬರ್ತೀನಿ ಕಣಮ್ಮಾ" ಎಂದು ಇಲ್ಲಿಯವರ ಹಾಗೆಯೇ ಕೂಗಿ ಕಾಲೇಜಿಗೆ ಹೋಗುತ್ತಾಳೆ. ಗದಗಿಗೆ ಹೋದರೆ ನಾನು ಬೆಂಗಳೂರಿನವಳು, ಇಲ್ಲಿ ರೊಟ್ಟಿಯವರು. ಪ್ರತಿ ಕಾಗದದಲ್ಲೂ ಅತ್ತೆ ಬೇರೆಯವರ ಕೈಲಿ ಬರೆಸಿ ಕೇಳುತ್ತಾರೆ, ಹೊಂದಿಕೊಂಡಿರೇನು ಎಂದು. ಆ ಮಾತು ಬರೆಯಲು ನನಗೆ ಇವತ್ತಿಗೂ ಕೈ ಬರುವುದಿಲ್ಲ. ನಾಲ್ವರೂ ಇದ್ದೇವೆ ಎಂದಷ್ಟೇ ಬರೆಯುತ್ತೇನೆ.