ಕಲಾಯಿ ಚಾಚಾ ಇಳಿದ ಸುರಂಗ

ಕಳೆದ ವಾರ ಗೋಕಾಕ ಪೇಟೆಯಲ್ಲಿ ಮಾವಿನ ಬುಟ್ಟಿಯೊಂದರ ಮೇಲೆ ಬಗ್ಗಿದೆ. ಹಣ್ಣಿನ ಪರಿಮಳಕ್ಕಿಂತ ಮೊದಲು, ಕಾಯಿ ಹಣ್ಣಾಗಿಸಲು ಹಾಕಿದ ಕಾರ್ಬೈಡಿನ ಘಾಟು ಮೂಗಿಗೆ ಬಡಿಯಿತು. ಕೆಟ್ಟ ಬೆಳ್ಳುಳ್ಳಿಯಂಥ ವಾಸನೆ... ಏನೂ ಕೊಳ್ಳದೆ ಎದ್ದುಬಿಟ್ಟೆ. ಅದೇ ವಾಸನೆಯ ದೀಪದ ಬೆಳಕಿನಲ್ಲಿ ನಾನು ಒಮ್ಮೆ ನೆಲದೊಳಗೆ ಇಳಿದಿದ್ದೆ, ನಮ್ಮ ಓಣಿಯ ಕಲಾಯಿ ಚಾಚಾರ ಹಿಂದೆ.

ಆಗ ನಾವು ಕೊಣ್ಣೂರಿನಲ್ಲಿದ್ದೆವು. ಚಾಚಾ ಮತ್ತು ಅವರ ಅಣ್ಣ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಊರಾಚೆಯ ಗುಡ್ಡದಲ್ಲಿ ಒಂದು ಸುರಂಗವಿತ್ತು. ಯಾವುದೋ ಕಾಲದಲ್ಲಿ ಬಂಗಾರಕ್ಕೆಂದು ತೋಡಿ, ಕೈಬಿಟ್ಟು ಹೋದದ್ದು. ಒಂದು ದಿನ ಅಣ್ಣ ಆ ಕಡೆ ಹೋದವನು ಮರಳಲಿಲ್ಲ. ಬಂಗಾರ ಸಿಕ್ಕಿತು, ಮಿರಜ ಕಡೆ ಓಡಿಹೋದ ಎಂದರು ಕೆಲವರು. ತಮ್ಮನೇ ಒಳಗೆ ಮುಗಿಸಿದ ಎಂದರು ಉಳಿದವರು. ಚಾಚಾ ಬಿಡುವು ಸಿಕ್ಕಾಗಲೆಲ್ಲ ಹಗ್ಗ, ದೀಪ ಹಿಡಿದು ಗುಡ್ಡ ಹತ್ತತೊಡಗಿದ ಮೇಲಂತೂ ಜನರ ಸಂಶಯಕ್ಕೆ ರೆಕ್ಕೆ ಬಂತು. ಪಾತ್ರೆ ಕೊಡಲು ಬಂದ ಹೆಂಗಸರು ಹೊಸ ಉಂಗುರ ಬಂದಿದೆಯೇ ಎಂದು ಅವರ ಬೆರಳುಗಳನ್ನೇ ನೋಡುತ್ತಿದ್ದರು.

ನನ್ನದು ಪಂಪ್ ರಿಪೇರಿ ಅಂಗಡಿ. ಒಂದು ಬೇಸಿಗೆಯಲ್ಲಿ ಚಾಚಾ ಬಂದು ನಿಂತರು.

"ಇಂಜಿನ್ ಬೇಕಾಗೇತಿ ತಮ್ಮಾ. ಸುರಂಗದಾಗ ನೀರ ನಿಂತೈತಿ. ಮುಂದ ಹೋಗಾಕ ಆಗವಲ್ದು."

"ಮುಂದ ಏನೈತ್ರಿ ಚಾಚಾ?"

"ನಮ್ಮಣ್ಣ ಅದಾನ."

ಅದು ಅವರಿಗೆ ಹೇಗೆ ಗೊತ್ತು? ಆದರೂ ಇಂಜಿನ್ನನ್ನು ಗಾಡಿಗೆ ಹೇರಿದೆ.

ಹೊಗೆ ಒಳಗೆ ತುಂಬಬಾರದೆಂದು ಇಂಜಿನ್ ಹೊರಗೇ ಇಟ್ಟು ಪೈಪು ಬಿಟ್ಟೆವು. ನೀರು ಇಳಿದ ಮೇಲೆ ಒಳಗೆ ಹೋದೆವು. ಚಾಚಾ ಒಂದು ಕೈಯಲ್ಲಿ ಕಾರ್ಬೈಡ್ ದೀಪ ಹಿಡಿದು, ಉದ್ದನೆಯ ಬಿದಿರು ಗಳುವಿನ ತುದಿಗೆ ಕಂದೀಲು ಕಟ್ಟಿ ಮುಂದೆ ಚಾಚಿದ್ದರು. ಕಂದೀಲು ಮಂಕಾದರೆ ಅಲ್ಲಿ ಉಸಿರಿಲ್ಲ ಎಂದು ಅರ್ಥ. ಒಂದು ಕಡೆ ಅದು ಆರಿಯೇ ಹೋಯಿತು. ಚಾಚಾ ನನ್ನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದರು, ಕಂದೀಲು ಮತ್ತೆ ಹೊತ್ತಿಸಿ ಬೇರೆ ಕವಲಿಗೆ ಹೊರಳಿದೆವು. ಮೇಲ್ಛಾವಣಿಗೆ ಆನಿಸಿದ್ದ ತೊಲೆಗಳು ಮುಟ್ಟಿದರೆ ಒದ್ದೆ ರೊಟ್ಟಿಯಂತೆ ಕಿತ್ತು ಬರುತ್ತಿದ್ದವು. ನಾನು ಮಾತ್ರ ಅವರ ಕಾಲುಗಳನ್ನೇ ನೋಡುತ್ತಿದ್ದೆ, ಆ ಕಾಲುಗಳಿಗೆ ದಾರಿ ಗೊತ್ತಿದೆಯೇ ಎಂದು. ನೀರು ನಿಂತಿದ್ದ ಜಾಗದಾಚೆಗೆ ಗೊತ್ತಿರಲಿಲ್ಲ. ಕವಲಿನಲ್ಲಿ ಮತ್ತೆ ಮತ್ತೆ ತಪ್ಪಿದರು, ದಾರಿ ಮುಚ್ಚಿದ ಗೋಡೆಗೆ ಹಣೆ ಬಡಿಸಿಕೊಂಡು ತಿರುಗಿ ಬಂದರು.

ಕೊನೆಗೆ ನೀರು ಇಳಿದ ಒಂದು ತಗ್ಗಿನಲ್ಲಿ, ಕೆಸರಿನೊಳಗೆ ಚರ್ಮದ ಪಟ್ಟಿ ಕಂಡಿತು. ಆಮೇಲೆ ಎಲುಬು... ಅಣ್ಣ ಕೊರಳಿಗೆ ಕಟ್ಟುತ್ತಿದ್ದ ತಾಮ್ರದ ತಾಯಿತ. ಚಾಚಾ ಆ ಕೆಸರಿನಲ್ಲೇ ಕುಳಿತುಬಿಟ್ಟರು.

"ಇಲ್ಲಿ ಹುಡುಕಿದ್ರೂ, ಅವ ಎಲ್ಲೋ ಓಡಿಹೋಗ್ಯಾನ ಅಂತ ಒಳಗೊಳಗ ಆಸೆ ಇತ್ತೋ ತಮ್ಮಾ," ಎಂದರು ತಾಯಿತದ ಕೆಸರು ಒರೆಸುತ್ತ. "ಓಡಿಹೋಗಿದ್ರ ಚೊಲೋ ಇತ್ತು."

ಪೊಲೀಸರು ಬಂದರು, ಎಲುಬುಗಳನ್ನು ಪರೀಕ್ಷೆಗೆ ಒಯ್ದರು. ಕೆಟ್ಟ ಗಾಳಿಗೆ ಸಿಕ್ಕು ಬಿದ್ದು ಸತ್ತಿರಬೇಕೆಂದು ಹೇಳಿ ಮರಳಿಸಿದರು. ದಫನವೂ ಆಯಿತು. ಇನ್ನಾದರೂ ಊರಿನ ಬಾಯಿ ಮುಚ್ಚೀತು ಎಂದುಕೊಂಡೆ. ಆದರೆ ಚಹಾದಂಗಡಿಯಲ್ಲಿ ಹೊಸ ಮಾತು ಹುಟ್ಟಿತ್ತು.

"ಸರಿಯಾಗಿ ಅಲ್ಲೇ ಹೆಂಗ ಸಿಕ್ತು?" ಎಂದ ಒಬ್ಬ.

"ಎಷ್ಟ ಸಲ ದಾರಿ ತಪ್ಪಿದ್ರು, ನಾನ ನೋಡೇನಿ," ಎಂದೆ.

"ಬಂಗಾರದಾಗ ನಿನಗ ಪಾಲು ಬಂದಿರಬೇಕು ಬಿಡು."

ಆ ವಾರ ಹುಕ್ಕೇರಿಯ ತವರಿಗೆ ಹೋಗಿದ್ದ ನನ್ನ ಹೆಂಡತಿ ಅವಳಪ್ಪ ಮಾಡಿಸಿಕೊಟ್ಟ ಬಂಗಾರದ ಬೆಂಡೋಲೆ ಹಾಕಿಕೊಂಡು ಬಂದಿದ್ದಳು. ಅಷ್ಟೇ ಸಾಕಾಯಿತು. ನನ್ನ ಅಂಗಡಿಗೂ ಗಿರಾಕಿ ಕಡಿಮೆಯಾದರು. ಚಾಚಾರ ಬಳಿಗಂತೂ ಒಂದು ಲೋಟವೂ ಬರಲಿಲ್ಲ.

ಊರು ಬಿಡುವ ದಿನ ಚಾಚಾ ಒಲೆಗೆ ಗಾಳಿ ಊದುವ ತಿದಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದರು.

"ನಿನಗರ ನಂಬಿಕಿ ಬಂತಿಲ್ಲೋ?"

"ಬಂತ್ರಿ ಚಾಚಾ. ಖರೇನ ಬಂತು."

ನನ್ನ ಮುಖವನ್ನೇ ನೋಡುತ್ತ ನಿಂತರು. ನನ್ನ ಮಾತನ್ನು ಅವರು ನಂಬಿದಂತೆ ಕಾಣಲಿಲ್ಲ. ಯಾರನ್ನೂ ನಂಬುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲವೇನೋ...

ಮೊನ್ನೆ ಕೆಲಸದ ಮೇಲೆ, ಚಾಚಾ ಹೋಗಿ ನೆಲೆಸಿದ್ದರೆಂದು ಕೇಳಿದ್ದ ಕಲ್ಲೋಳಿಗೆ ಹೋದಾಗ ವಿಚಾರಿಸಿದೆ. ಚಾಚಾ ಅಲ್ಲೇ ಒಂದು ಕೋಣೆಯಲ್ಲಿ ಒಬ್ಬರೇ ಇದ್ದು, ತೀರಿಕೊಂಡು ವರ್ಷಗಳಾದವಂತೆ. ಒಮ್ಮೆ ಬಂದು ನೋಡಬೇಕೆಂದು ಅಂದುಕೊಳ್ಳುತ್ತಲೇ ಇದ್ದೆ. ಸುದ್ದಿ ಹೇಳಿದ ಅಂಗಡಿಯವನು ನಾನು ಕೊಣ್ಣೂರಿನವನೆಂದು ತಿಳಿದು ದನಿ ತಗ್ಗಿಸಿದ.

"ಖರೆ ಹೇಳ್ರಿ, ಆ ಸುರಂಗದಾಗ ಅವರಿಗೆ ಏನ ಸಿಕ್ಕಿತ್ತು?"

"ಅವರಣ್ಣ ಸಿಕ್ಕಿದ್ದ," ಎಂದೆ.

ಅವನು ಕಣ್ಣು ಮಿಟುಕಿಸಿ ನಕ್ಕ.