ಕೊನೇ ಸಾಲು ವೇದವಲ್ಲಿಯದು

ಶನಿವಾರ, ಬೆಳಗಿನ ಜಾವ ನಾಲ್ಕೂವರೆ. ಯೋಕೋಹಾಮಾದ ಆರನೇ ಮಹಡಿಯ ಮನೆಯಲ್ಲಿ ವೇದವಲ್ಲಿ ಅಡುಗೆಕಟ್ಟೆಗೆ ಒರಗಿ ನಿಂತು ಬರೆಯುತ್ತಿದ್ದಾರೆ. ಮನೆಯಲ್ಲಿ ಮೇಜಿಲ್ಲವೆಂದಲ್ಲ. ಮೇಜಿರುವ ಎರಡು ಕೋಣೆಗಳಲ್ಲಿ ಒಂದು ಗಂಡ ಪದ್ಮನಾಭರ ಆಫೀಸು, ಇನ್ನೊಂದು ಮಗಳು ಸಂಜನಾಳ ಶಾಲೆ. ಕೊರೋನಾ ಬಂದಂದಿನಿಂದ ಎರಡೂ ಮನೆಯಲ್ಲೇ ಠಿಕಾಣಿ ಹೂಡಿವೆ. ಒಂದು ಸಾಲು ಬರೆದು, ಪಿಸುದನಿಯಲ್ಲಿ ಓದಿಕೊಂಡು, ಮುಖ ಸಿಂಡರಿಸಿ ಹೊಡೆದುಹಾಕುತ್ತಾರೆ.

"ಈ ಹೊತ್ತಲ್ಲಿ ನಗು ಬಂದ್ರೆ ಅದು ಗಟ್ಟಿ ಜೋಕು," ಎನ್ನುತ್ತಾರೆ. "ರಾತ್ರಿ ಎಲ್ಲರಿಗೂ ನಿದ್ದೆಗಣ್ಣು. ಯಾವುದಕ್ಕಾದ್ರೂ ನಗ್ತಾರೆ."

ಶನಿವಾರ ರಾತ್ರಿ ಹತ್ತಕ್ಕೆ ಟೋಕಿಯೊ ಸುತ್ತಮುತ್ತಲಿನ ನೂರಿಪ್ಪತ್ತು ಕನ್ನಡ ಮನೆಗಳು 'ಮಲಗೋ ಮುಂಚೆ' ನೋಡಲು ಆನ್‌ಲೈನ್ ಸೇರುತ್ತವೆ. 2020ರ ಏಪ್ರಿಲ್‌ನಲ್ಲಿ, ಯಾರೂ ಯಾರ ಮನೆಗೂ ಹೋಗದಂತಾದಾಗ ಶುರುವಾದ ನಗೆ ಕಾರ್ಯಕ್ರಮ ಅದು. ನಡೆಸುವವರು ಟೋಕಿಯೊದ ಮಿನಾಟೋ ಪ್ರದೇಶದ ಕಂಪನಿಯೊಂದರ ಎಂಜಿನಿಯರ್ ಮಧುಕರ್. ಅವರದು ಅರಳು ಹುರಿದಂಥ ಮಾತು. ಅದಕ್ಕೆ ಭತ್ತ ಒದಗಿಸುವವರು ವೇದವಲ್ಲಿ ಎಂಬುದು ಮಾತ್ರ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ.

ಮೈಸೂರಿನ ವೇದವಲ್ಲಿಗೆ ನಲವತ್ತೊಂದು ವರ್ಷ. ವಾರದ ಐದು ದಿನ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರ ತಪ್ಪು ಹುಡುಕುವ ಕೆಲಸ. ಉಳಿದ ಹೊತ್ತಿನಲ್ಲಿ ನಲವತ್ತು ಜೋಕು ಬರೆದರೆ ಹದಿನೆಂಟು ಉಳಿಯುತ್ತವೆ. ಅವು ದಪ್ಪಕ್ಷರದ ನಾಲ್ಕು ಪುಟಗಳಾಗಿ ಮಧುಕರ್ ಕ್ಯಾಮೆರಾದ ಕೆಳಗೆ ಅಂಟಿಕೊಳ್ಳುತ್ತವೆ. ಆ ಕ್ಷಣಕ್ಕೆ ಹೊಳೆದಂತೆ ಕಾಣುವುದೂ ಅದರಲ್ಲೇ ಇರುತ್ತದೆ: 'ಇಲ್ಲಿ ನೀರು ಕುಡಿಯಿರಿ', 'ಇಲ್ಲಿ ಮರೆತವರಂತೆ ತಲೆ ಕೆರೆದುಕೊಳ್ಳಿ'.

ಎಲ್ಲರ ಮೈಕೂ ಬಂದ್ ಆಗಿದ್ದರೆ ಜೋಕು ಬಾವಿಗೆ ಬಿದ್ದಂತೆ. ಹಾಗಾಗಿ ವಾರಕ್ಕೆ ಮೂರು ಮನೆಯವರು ಮೈಕು ತೆರೆದಿಟ್ಟು ನಗಬೇಕು. ಈ ನಗುವ ಪಾಳಿಯ ಪಟ್ಟಿ ಹಾಕುವುದೂ ವೇದವಲ್ಲಿಯೇ. "ಅಹಲ್ಯಾ ಅವರ ಮನೆ ಪಾಳಿ ಇದ್ರೆ ಧೈರ್ಯ. ಅವರ ಅತ್ತೆ ನಗೋಕೆ ಶುರು ಮಾಡಿದ್ರೆ ನಿಲ್ಸೋಕೆ ಇಬ್ರು ಬೇಕು."

ಈ ವರ್ಷದ ಜನವರಿಯಲ್ಲಿ ಆನ್‌ಲೈನ್ ಸಂಕ್ರಾಂತಿ ಕೂಟದಲ್ಲಿ ಯಾರೋ ಮಧುಕರ್ ಅವರನ್ನು ಕೇಳಿದರು: ಸ್ಕ್ರಿಪ್ಟ್ ಇಟ್ಕೊಂಡಿರ್ತೀರಾ? "ಛೆ ಛೆ, ಕೂತ್ರೆ ತಾನಾಗೇ ಬರುತ್ತೆ." ಹುರುಳಿಕಾಯಿ ಹೆಚ್ಚುತ್ತಾ ಇದನ್ನು ಕೇಳಿಸಿಕೊಂಡ ವೇದವಲ್ಲಿ ಹೇಳುತ್ತಾರೆ: "ನನ್ನ ಮೈಕ್ ಆಫ್ ಇತ್ತು. ಅವರ ಅದೃಷ್ಟ."

ಮಾರನೇ ದಿನ ಮಧುಕರ್‌ಗೆ ಫೋನ್ ಮಾಡಿದರು. "ಒಂದ್ಸಲ ನನ್ನ ಹೆಸರು ಹೇಳಿ ಅಂದೆ. 'ಹೇಳಿದ್ರೆ ಮಜಾ ಹೋಗುತ್ತೆ ಮೇಡಂ, ಜನ ಓದ್ತಿದಾನೆ ಅಂದ್ಕೊಳ್ತಾರೆ' ಅಂದ್ರು. ಓದ್ತಿರೋದೇ ತಾನೇ?"

ಮುಷ್ಕರಕ್ಕೆ ಇಳಿಯದೆ ಬೇರೆ ದಾರಿ ಇರಲಿಲ್ಲ. ಜಪಾನಿನ ಶೂ ಕಾರ್ಖಾನೆಯವರು ಮುಷ್ಕರ ಹೂಡಿದರೂ ಕೆಲಸ ನಿಲ್ಲಿಸುವುದಿಲ್ಲ, ಒಂದೇ ಕಾಲಿನ ಶೂ ಮಾಡುತ್ತಾ ಹೋಗುತ್ತಾರೆ ಎಂಬ ಕತೆಯನ್ನು ನಮ್ಮಲ್ಲಿ ಕೇಳದವರು ಕಡಿಮೆ. ವೇದವಲ್ಲಿಗೆ ಅದನ್ನು ಹೇಳಿದ್ದು ಏಳನೇ ಕ್ಲಾಸಿನ ಮೇಷ್ಟರು. ಇಲ್ಲಿಗೆ ಬಂದ ಮೇಲೆ ಸಹೋದ್ಯೋಗಿ ಮೊರಿಟಾ ಸಾನ್ ಅವರನ್ನು ವಿಚಾರಿಸಿದರೆ, ಅವರು ಬಹಳ ಹೊತ್ತು ಯೋಚಿಸಿ, ಅಂಥ ಕಾರ್ಖಾನೆ ತಮಗೆ ಗೊತ್ತಿಲ್ಲದಿರುವುದಕ್ಕೆ ಕ್ಷಮೆ ಕೇಳಿದರಂತೆ. ಕತೆ ಸುಳ್ಳಾದರೇನು, ಉಪಾಯ ಚೆನ್ನಾಗಿದೆ. ಆ ಶನಿವಾರ ನಾಲ್ಕು ಪುಟ ವೇಳೆಗೆ ಸರಿಯಾಗಿ ಹೋದವು. ಹದಿನೆಂಟು ಜೋಕೂ ಇದ್ದವು. ಯಾವುದಕ್ಕೂ ಕೊನೇ ಸಾಲಿರಲಿಲ್ಲ.

ಮೊದಲೇ ಓದಿ ನೋಡುವ ಅಭ್ಯಾಸ ಮಧುಕರ್‌ಗಿಲ್ಲ. "ಮೊಸರು ತರೋಕೆ ಕೆಳಗಿನ ಕೊಂಬಿನಿ ಅಂಗಡಿಗೆ ಹೋದೆ. ಮೊಸರು ಖಾಲಿ. ಹುಡುಗಿ ಕೈಮುಗಿಯೋ ಥರ ಸುಮಿಮಾಸೆನ್, ಕ್ಷಮಿಸಿ, ಅಂದ್ಲು. ಪಾಪ ಅನ್ನಿಸಿ ನಾನೂ ಸುಮಿಮಾಸೆನ್ ಅಂದೆ. ಹಿಂದೆ ನಿಂತಿದ್ದ ತಾತ ಮುಂದೆ ಬಂದು ಏನಂದ ಗೊತ್ತಾ?"

ಮುಂದೆ ಬರೀ ಚುಕ್ಕಿ. ಮಧುಕರ್ ನೀರು ಕುಡಿದರು. ತಲೆ ಕೆರೆದುಕೊಂಡರು. ವೇದವಲ್ಲಿ ಎಣಿಸಿದರು: ಹನ್ನೊಂದು ಸೆಕೆಂಡು.

"ಏನಂದನಪ್ಪಾ ತಾತ?" ಎಂದರು ಪಾಳಿಯಲ್ಲಿದ್ದ ಅಹಲ್ಯಾರ ಅತ್ತೆ.

ಎರಡನೇ ಜೋಕೂ ಹೀಗೇ ಮುಗ್ಗರಿಸಿತು. ಮೂರನೆಯದಕ್ಕೆ ಮಧುಕರ್ ಕೈಚೆಲ್ಲಿದರು. "ನಂಗೊತ್ತಿಲ್ಲ ಅಮ್ಮ. ಇದನ್ನೆಲ್ಲ ಬರೆಯೋರು ವೇದವಲ್ಲಿ ಅಂತ. ಇವತ್ತು ಕೊನೇ ಸಾಲು ಕೊಟ್ಟಿಲ್ಲ."

ಮೂರು ಮನೆಯ ಮೈಕೂ ಒಡೆಯುವಂಥ ನಗು. "ನಾನು ಬರೆದ ಯಾವ ಜೋಕಿಗೂ ಅಷ್ಟು ನಗು ಬಂದಿಲ್ಲ," ಎನ್ನುತ್ತಾರೆ ವೇದವಲ್ಲಿ. "ಕೊನೆಗೂ ಹೆಸರು ಬಂತು ಅಂದ್ಕೊಂಡ್ರೆ, ಅವರಿಗೆಲ್ಲಾ ನಾನು ಬರೀ 'ಸಂಜನಾ ಅಮ್ಮ'. ವೇದವಲ್ಲಿ ಅನ್ನೋದು ಹುಟ್ಟಿಸಿದ ಪಾತ್ರ ಅಂದ್ಕೊಂಡ್ರು! 'ಆ ವೇದವಲ್ಲಿ ಐಡಿಯಾ ಸೂಪರ್' ಅಂತ ಗ್ರೂಪಲ್ಲಿ ಮೆಸೇಜ್ ಬೇರೆ."

ನಗದೇ ಇದ್ದವರು ಮಧುಕರ್ ಒಬ್ಬರೇ. ಭಾನುವಾರ ರೈಲು ಹತ್ತಿ ಬಂದರು, ಮಾಸ್ಕ್ ತೆಗೆಯದೆ ಬಾಗಿಲಾಚೆಯೇ ನಿಂತರು. "ಕೂತ್ರೆ ತಾನಾಗೇ ಬರೋದು ಬೆವರೊಂದೇ ಮೇಡಂ."

"ಗೊತ್ತಾಯ್ತಲ್ಲ. ಕಾಫಿ ಅಲ್ಲೇ ಕೊಡ್ತೀನಿ, ನಿಂತ್ಕೊಂಡೇ ಕುಡೀರಿ."

ಒಪ್ಪಂದ ಹೊಸ್ತಿಲಲ್ಲೇ ಆಯಿತು. ಮುಂದಿನ ವಾರ ಮಧುಕರ್ ಮೊದಲು ಬಾಕಿ ತೀರಿಸಿದರು; ತಾತ ಅಂದದ್ದು: "ಸುಮಿಮಾಸೆನ್, ಕೊನೇ ಮೊಸರು ನನ್ನ ಚೀಲದಲ್ಲಿದೆ." ಆಮೇಲೆ ವೇದವಲ್ಲಿಯನ್ನು ಕ್ಯಾಮೆರಾ ಮುಂದೆ ಕರೆದು, ಇವರು ಪಾತ್ರವಲ್ಲ, ನಿಜವಾದ ಮನುಷ್ಯರು ಎಂದರು. ಅಂದಿನಿಂದ ಕಾರ್ಯಕ್ರಮದ ಕೊನೆಗೆ ಪರದೆಯ ಮೇಲೆ ಒಂದು ಸಾಲು ಬರುತ್ತದೆ: 'ಬರಹ: ವೇದವಲ್ಲಿ'.

ಇನ್ನೇನಾದರೂ ಆಸೆ? ವೇದವಲ್ಲಿ ಪೆನ್ನಿನ ಮುಚ್ಚಳ ಹಾಕುತ್ತಾರೆ.

"ಹೆಸರು ಮೂರು ಸೆಕೆಂಡ್ ಇರುತ್ತೆ. ಸಂಜನಾಗೆ ಕನ್ನಡ ಮಾತಾಡಿದ್ರೆ ಅರ್ಥ ಆಗುತ್ತೆ, ಓದೋದು ಮಾತ್ರ ಒಂದೊಂದೇ ಅಕ್ಷರ ಕೂಡಿಸ್ಕೊಂಡು. 'ವೇದ' ತನಕ ಬರ್ತಾಳೆ, ಅಷ್ಟರಲ್ಲಿ ಹೋಗ್ಬಿಡುತ್ತೆ. ಐದು ಸೆಕೆಂಡ್ ಮಾಡಿ ಅಂತ ಮಧುಕರ್‌ಗೆ ಹೇಳಿದೀನಿ."