ಅಕಾನಿಸಿ ವಾಪಸ್ ಕೇಳದ ಚಾರ್ಜರ್

ಅಕಾನಿಸಿ ಹುಟ್ಟಾ ಪುಕ್ಕಲಿ. ದೋಣಿ ಅಲುಗಿದರೆ ಕಣ್ಣು ಮುಚ್ಚಿ ಕೂರುವವಳು, ಗುಡುಗಿದರೆ ಚಾಪೆಯಲ್ಲಿ ಮುದುಡಿಕೊಳ್ಳುವವಳು. ಅಂಥವಳು ನರ್ಸಾಗಿ ನಮ್ಮ ದ್ವೀಪಕ್ಕೇ ಬಂದದ್ದು ದೇವರ ತಮಾಷೆ ಎಂದು ಊರ ಹೆಂಗಸರು ನಗುತ್ತಿದ್ದರು. ಡಾಕ್ಟರು ಇರುವುದು ರಾಜಧಾನಿ ಸುವಾದಲ್ಲಿ, ಮಧ್ಯೆ ಇಡೀ ಸಮುದ್ರ. ಇಲ್ಲಿ ಆಸ್ಪತ್ರೆ ಎಂದರೆ ತಗಡಿನ ಮಾಡಿನ ಎರಡು ಕೋಣೆ, ಒಂದು ಲ್ಯಾಪ್‌ಟಾಪ್. ಮಾಡಿನ ಮೇಲಿನ ಇಂಟರ್ನೆಟ್ ತಟ್ಟೆಯಿಂದ ಇಳಿದ ತಂತಿ ನೇರ ಅದರೊಳಗೇ ಹೋಗುತ್ತಿತ್ತು. ಫೋನಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಲ್ಯಾಪ್‌ಟಾಪಿನಲ್ಲಿ ಸುವಾದ ಡಾಕ್ಟರಮ್ಮನ ಮುಖ ಕಂಡರಷ್ಟೇ ಅಕಾನಿಸಿಗೆ ಕೈಕಾಲು ಆಡುತ್ತಿದ್ದದ್ದು. ಅದರ ಬ್ಯಾಟರಿಯೋ ಹಳೆಯದು, ಚಾರ್ಜರ್ ಸಿಕ್ಕಿಸದಿದ್ದರೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಸೇವುಲೋನಿ ಅವಳ ಸೋದರತ್ತೆಯ ಮಗ. ಅತ್ತೆಯ ಮಕ್ಕಳಿಗೂ ಮಾವನ ಮಕ್ಕಳಿಗೂ ನಡುವೆ ತಮಾಷೆಗೆ ಲಂಗುಲಗಾಮಿಲ್ಲ. ಒಂದು ಮಧ್ಯಾಹ್ನ ಅವನು ಬಂದು ಬಾಗಿಲಿಗೆ ಒರಗಿದ.

"ಏನೇ ಮಾವನ ಮಗಳೇ, ನಿನ್ನ ಚಾರ್ಜರ್ ಕೊಡೇ. ಫೋನು ಸತ್ತು ಮಲಗಿದೆ."

"ನಿಂದೆಲ್ಲಿ ಹೋಯ್ತು ಭಾವ?"

"ಯಾರೋ ಕೇಳಿದ್ರು, ಕೊಟ್ಟೆ. ನಿನ್ನ ಲ್ಯಾಪ್‌ಟಾಪಿಗೂ ನನ್ನ ಫೋನಿಗೂ ಒಂದೇ ಪಿನ್ನು ನೋಡು. ನಿಂಗೂ ನಂಗೂ ಕೂಡಿ ಬರ್ಲಿಲ್ಲ, ಅವಕ್ಕಾದ್ರೂ ಬರ್ಲಿ ಬಿಡು."

"ಥೂ, ಕೋತಿ ಮುಸುಡಿ! ತಗೊಂಡು ತೊಲಗು."

ಬೈಯುತ್ತಲೇ ಕೊಟ್ಟಳು. ಕೊಡದೆ ಏನು ಮಾಡುತ್ತಾಳೆ? ಬಾಯಿಬಿಟ್ಟು ಕೇಳಿದ ನೆಂಟನಿಗೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಕೊಟ್ಟದ್ದನ್ನು 'ಎಲ್ಲಿ ನನ್ನದು?' ಎಂದು ಕೇಳುವುದಂತೂ ಇನ್ನೂ ನಾಚಿಕೆಗೇಡು.

ಮರುದಿನ ಸೇವುಲೋನಿ ಒಂದು ಚಾರ್ಜರ್ ತಂದಿಟ್ಟು ಹೋದ. ಅದೇ ಬಿಳಿ ಬಣ್ಣ, ಅದೇ ಪಿನ್ನು. ಕೈಗೆತ್ತಿಕೊಂಡರೆ ಮಾತ್ರ ಹಗುರ. ಇದು ನನ್ನದಲ್ಲ ಎಂದು ಅವಳಿಗೆ ಆಗಲೇ ಗೊತ್ತಾಯಿತು. ಮಾತು ನಾಲಗೆಯ ತುದಿಗೆ ಬಂತು, ನುಂಗಿಕೊಂಡಳು. ಕೇಳಿದರೆ ಭಾವ ತಲೆ ತಗ್ಗಿಸಬೇಕು, ಅವನು ಯಾರಿಗೆ ಕೊಟ್ಟಿದ್ದಾನೋ ಅವರೂ ತಗ್ಗಿಸಬೇಕು. ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದಳು. ತೆರೆಯ ಮೂಲೆಯಲ್ಲಿ ಮಿಂಚಿನ ಗುರುತು ಬಂತು. ಸದ್ಯ, ಚಾರ್ಜ್ ಆಗುತ್ತಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆ ವಾರವೇ ಊರಿನ ತೋರಿಕಾಗೆ ಹೆರಿಗೆ ನೋವು ಬಂತು. ಚೊಚ್ಚಲು. ಬೆಳಗ್ಗೆಯೇ ಗಂಡ ಲಿವಾಯಿ ಕರೆತಂದ. ಗಂಡಸರು ಒಳಗೆ ಬರುವಂತಿಲ್ಲವಾದ್ದರಿಂದ ಅವನು ಕಿಟಕಿಯ ಕೆಳಗೆ ಚೀಲ ತಬ್ಬಿಕೊಂಡು ಕೂತ. ಒಳಗೆ ಅಕಾನಿಸಿ, ತೋರಿಕಾಳ ಅಜ್ಜಿ ಲೈಸಾನಿ, ತೆರೆಯ ಮೇಲೆ ಡಾಕ್ಟರಮ್ಮ. ಹೆಣ್ಣು ಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಅಜ್ಜಿ ಒರೆಸಿ ಸುತ್ತಿ ಮಲಗಿಸಿದಳು.

ಆಮೇಲೆ ರಕ್ತ ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟರೂ ನಿಲ್ಲಲಿಲ್ಲ.

"ಅಕಾನಿಸಿ, ಹೆದರಬೇಡ," ಎಂದರು ಡಾಕ್ಟರಮ್ಮ. "ಒಂದು ಕೈ ಒಳಗೆ ಮುಷ್ಟಿ ಮಾಡು, ಇನ್ನೊಂದರಿಂದ ಹೊಟ್ಟೆ ಮೇಲಿಂದ ಒತ್ತು. ನಾನು ಬಿಡು ಅನ್ನೋವರೆಗೂ ಬಿಡ್ಬೇಡ."

ಅವಳು ಒತ್ತಿದಳು. ಒತ್ತುತ್ತಲೇ ತೆರೆಯ ಮೂಲೆ ನೋಡಿದಳು. ಮಿಂಚಿನ ಗುರುತು ಇದ್ದೇ ಇದೆ, ಪಕ್ಕದ ಅಂಕಿ ಮಾತ್ರ ಇಳಿಯುತ್ತಿದೆ. ಲ್ಯಾಪ್‌ಟಾಪು ಕುಡಿಯುವಷ್ಟು ಕರೆಂಟನ್ನು ಆ ಫೋನಿನ ಚಾರ್ಜರ್ ಊಡಿಸಲಾರದು.

"ಈಗ ಇನ್ನೊಂದು ಔಷಧಿ ಕೊಡಬೇಕು. ಅಜ್ಜಿ ಕೈಲಿ ಕೊಡಿಸೋಣ, ಯಾವುದು ಅಂತ ಹೇಳ್ತೀನಿ, ಸರಿಯಾಗಿ ಕೇಳಿಸ್ಕೋ. ಮೊದಲು..."

ತೆರೆ ಕಪ್ಪಾಯಿತು.

"ಏನಾಯ್ತೇ ಮಗಾ?" ಎಂದಳು ಅಜ್ಜಿ.

"ಲ್ಯಾಪ್‌ಟಾಪ್ ಆರಿಹೋಯ್ತು ಅಜ್ಜಿ. ಇದು ನನ್ನ ಚಾರ್ಜರ್ ಅಲ್ಲ."

"ನಿಂದೆಲ್ಲಿ?"

ಅಕಾನಿಸಿ ಇನ್ನೂ ಬಲವಾಗಿ ಒತ್ತಿದಳು. ಎಂಥಾ ಹಾಳು ಮರ್ಯಾದೆ ನೋಡಿ! ಎರಡೂ ಕೈ ಒಂದು ಜೀವದ ಮೇಲಿವೆ, ಬಿಸಿ ರಕ್ತ ಮೊಣಕೈವರೆಗೂ ಹರಿದಿದೆ. ಆಗಲೂ, ಕೂಗಿ ಕೇಳಿದರೆ ಯಾರ ಮಾನ ಹೋಗುತ್ತದೋ ಎಂದು ಅವಳು ಯೋಚಿಸುತ್ತಿದ್ದಳು. ತೋರಿಕಾಳ ತುಟಿ ಬಿಳಿಚಿಕೊಂಡಿತು. ಕಣ್ಣು ಮೇಲಕ್ಕೆ ತೇಲಿತು. ಅಷ್ಟೇ, ಅಕಾನಿಸಿಗೆ ಉಳಿದದ್ದೆಲ್ಲ ಮರೆತುಹೋಯಿತು. ಕಿಟಕಿಯ ಕಡೆ ಮುಖ ಮಾಡಿ ಚೀರಿದಳು.

"ನನ್ನ ಚಾರ್ಜರ್! ಯಾರ ಹತ್ರ ಇದೆಯೋ ವಾಪಸ್ ಕೊಡ್ರೋ! ಅದು ನಂದು, ನಂಗೆ ಬೇಕು!"

ಕಿಟಕಿಯಲ್ಲಿ ಲಿವಾಯಿಯ ಮುಖ ಎದ್ದಿತು. ಅವನು ತಡವರಿಸುತ್ತ ಚೀಲಕ್ಕೆ ಕೈಹಾಕಿದ.

"ಇದಾ ಅಕ್ಕಾ? ಸೇವುಲೋನಿ ಕೊಟ್ಟಿದ್ದ. ಗುಡ್ಡ ಹತ್ತಿ ಅತ್ತೆಗೆ ಫೋನ್ ಮಾಡೋಣ ಅಂತ ಚಾರ್ಜ್ ಮಾಡ್ಕೊಂಡಿದ್ದೆ."

ಅಜ್ಜಿ ಅದನ್ನು ಕಸಿದುಕೊಂಡು ಸಿಕ್ಕಿಸಿದಳು. ಲ್ಯಾಪ್‌ಟಾಪು ಏಳಲು ತನ್ನಷ್ಟಕ್ಕೆ ಹೊತ್ತು ತೆಗೆದುಕೊಂಡಿತು. ಅಕಾನಿಸಿಯ ತೋಳು ಮರಗಟ್ಟಿತು. ಈ ಕೈ ಜಾರಿದರೆ, ಈ ಕೈ ಜಾರಿದರೆ ಎಂದು ಅವಳು ಗೊಣಗುತ್ತಲೇ ಇದ್ದಳು. ಅವಳು ಹೇಳಿದ ಕಡೆ ಅಜ್ಜಿ ಒತ್ತಿದಳು, ಕೊನೆಗೆ ಡಾಕ್ಟರಮ್ಮನ ಮುಖ ಮೂಡಿತು.

"ಕೈ ತೆಗೆದೆಯಾ?"

"ಇಲ್ಲ ಮೇಡಂ."

ಔಷಧಿ ಹೋಯಿತು. ಬಹಳ ಹೊತ್ತಿನ ಮೇಲೆ ಹೊಟ್ಟೆ ಅವಳ ಅಂಗೈ ಕೆಳಗೆ ಗಟ್ಟಿಯಾಯಿತು, ರಕ್ತ ನಿಂತಿತು. ಆಗ ಲಿವಾಯಿಯನ್ನು ಒಳಗೆ ಕರೆದರು. ಅವನು ಮಗುವನ್ನು ನೋಡುವ ಮೊದಲು ಮೂಲೆಯಲ್ಲಿ ರಾಶಿ ಬಿದ್ದ ಬಟ್ಟೆಗಳನ್ನು ನೋಡಿದ.

"ಅಕ್ಕಾ, ಬೆಳಗ್ಗೆಯಿಂದ ಇಲ್ಲೇ ಇದ್ನಲ್ಲ, ಕಿಟಕಿ ಕೆಳಗೆ. ಒಂದು ಮಾತು ಕೇಳಬಾರದಿತ್ತಾ?"

"ನಾಚಿಕೆ ಆಯ್ತು ಕಣೋ."

ಮಂಚದಿಂದ ತೋರಿಕಾ, ಕೇಳಿಸಿಯೂ ಕೇಳಿಸದ ದನಿಯಲ್ಲಿ ಕೇಳಿದಳು.

"ನಾನು ಹೋಗಿಬಿಟ್ಟಿದ್ರೆ, ನನ್ನ ಮಗಳಿಗೂ ಇದನ್ನೇ ಹೇಳ್ತಿದ್ಯಾ ಅಕ್ಕಾ?"

ಅಕಾನಿಸಿ ಮಗುವಿನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದಳು.